ಮೂರನೇ ಇಯತ್ತೆಯ ಬಾಗಿಲಲ್ಲಿ: ಮುಂಬಯಿಯ ತರಬೇತಿ ಶಿಕ್ಷಕರಿಗೆ ಹದಿನಾಲ್ಕು ಸೂತ್ರ

ಪ್ರಾಥಮಿಕ ಶಿಕ್ಷಕರ ಎರಡು ವರ್ಷದ ಡಿ.ಎಲ್.ಎಡ್. ಕೋರ್ಸಿನಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು ಎಂದು ಶಿಕ್ಷಕ ತರಬೇತಿಯ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಟಿಇ 2014ರಲ್ಲಿ ನಿಯಮ ಮಾಡಿತು. ಶಿಶು ಮನೋವಿಜ್ಞಾನದ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವರೂ ಆ ವಾರಗಳ ಮೊದಲ ಸೋಮವಾರ ಮೂರನೇ ಇಯತ್ತೆಯ ಬಾಗಿಲಲ್ಲಿ ನಿಂತು ಬೆವರುತ್ತಾರೆ. ಮುಂಬಯಿಯಲ್ಲಂತೂ ಇನ್ನಷ್ಟು ಸಂಗತಿಗಳು ಕೂಡಿಕೊಳ್ಳುತ್ತವೆ: ಒಂದೇ ಕಟ್ಟಡದಲ್ಲಿ ಹಲವು ಭಾಷೆಯ ಶಾಲೆಗಳು, ಎರಡು ಪಾಳಿ, ಮಳೆ, ಮನೆಯಲ್ಲೊಂದು ಗಲ್ಲಿಯಲ್ಲೊಂದು ಭಾಷೆ ಆಡುವ ಮಕ್ಕಳು. ಇಲ್ಲಿಯ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅವುಗಳಲ್ಲೊಂದು. ಕನ್ನಡ ಶಾಲೆಯೊಂದರಲ್ಲಿ ತರಬೇತಿ ಮುಗಿಸಿ ಈಗ ಅಂಥದೇ ತರಗತಿ ನೋಡಿಕೊಳ್ಳುತ್ತಿರುವವಳು ನಾನು. ಹಿಂದೆ ಬರುತ್ತಿರುವ ತಮ್ಮ ತಂಗಿಯರಿಗಾಗಿ ಇದನ್ನು ಬರೆದಿದ್ದೇನೆ. ಹೇಳುವುದು ಒಂದೇ ಮಾತು, ಹಲವು ಮೂಲೆಗಳಿಂದ: ಮುಂದಿನ ನಿಮಿಷ ಏನು ಮಾಡಬೇಕೆಂದು ಮಕ್ಕಳಿಗೆ ಗೊತ್ತಿಲ್ಲದಾಗ ತರಗತಿ ಕೈತಪ್ಪುತ್ತದೆ.

1. ಪಾಠಕ್ಕಿಂತ ಮೊದಲು ಕಟ್ಟಡ ಓದಿ

ನೆಲಮಹಡಿಯಲ್ಲಿ ಮರಾಠಿ, ಅದರ ಮೇಲೆ ಹಿಂದಿ, ಅದಕ್ಕೂ ಮೇಲೆ ಕನ್ನಡ, ಮಧ್ಯಾಹ್ನದ ಪಾಳಿಗೆ ಉರ್ದು. ಪಾಲಿಕೆಯ ಕಟ್ಟಡಗಳಲ್ಲಿ ಇಂಥ ಹೊಂದಾಣಿಕೆ ಮಾಮೂಲು. ಬಾರಿಸಿದ ಗಂಟೆ ಯಾವ ಶಾಲೆಯದು ಎಂದು ಮಕ್ಕಳಿಗೆ ಗೊತ್ತಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ. ಗೋಡೆಯ ಚಾರ್ಟು ಇನ್ನೊಂದು ಪಾಳಿಯವರದ್ದಾಗಿರಬಹುದು, ಕಪಾಟಿನ ಕೀಲಿ ಇನ್ನಾರದೋ ಪರ್ಸಿನಲ್ಲಿರಬಹುದು. ಆದ್ದರಿಂದ ಸೀಮೆಸುಣ್ಣ, ಡಸ್ಟರ್, ಹತ್ತಿಪ್ಪತ್ತು ಚೂಪು ಮಾಡಿದ ಪೆನ್ಸಿಲು ನಿಮ್ಮ ಚೀಲದಲ್ಲೇ ಇರಲಿ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿನವರೆಗೆ ಬರುತ್ತದೆ, ಶೌಚಾಲಯಕ್ಕೆ ಹೋದ ಮಗು ಮರಳಲು ಎಷ್ಟು ಹೊತ್ತು ಬೇಕು, ಮೆಟ್ಟಿಲ ಮೇಲೆ ಬೇರೆ ಶಾಲೆಯ ಮಕ್ಕಳು ಇಳಿಯುವ ಸಮಯ ಯಾವುದು, ಇಷ್ಟನ್ನು ಮೊದಲ ವಾರವೇ ತಿಳಿದುಕೊಳ್ಳಿ. ಸಿಪಾಯಿ ಮಾಮಾರ ಪರಿಚಯ ಮಾಡಿಕೊಳ್ಳಿ. ಮುಖ್ಯಾಧ್ಯಾಪಕರಿಗೆ ಗೊತ್ತಿಲ್ಲದ್ದೂ ಅವರಿಗೆ ಗೊತ್ತಿರುತ್ತದೆ.

2. ಹಿಂದಿನ ಬೆಂಚಿನಲ್ಲಿ ಕೂತು ವರ್ಗ ಶಿಕ್ಷಕಿಯ ಕಾಲು ನೋಡಿ

ವೀಕ್ಷಣೆಯ ದಿನಗಳಲ್ಲಿ ನಾವೆಲ್ಲ ಅವರು ಹೇಳಿದ ಪಾಠವನ್ನೇ ಬರೆದುಕೊಳ್ಳುತ್ತೇವೆ. ಪಾಠ ಪುಸ್ತಕದಲ್ಲೇ ಇದೆ. ಅವರು ಯಾವಾಗ ಬೋರ್ಡು ಬಿಟ್ಟು ಸಾಲುಗಳ ನಡುವೆ ಬಂದರು, ಯಾರ ಬೆಂಚಿನ ಪಕ್ಕ ಸುಮ್ಮನೆ ನಿಂತರು, ಬರೆಯುವಾಗಲೂ ತರಗತಿಗೆ ಪೂರ್ತಿ ಬೆನ್ನು ಕೊಡದೆ ಹೇಗೆ ಓರೆಯಾಗಿ ನಿಂತರು ಎಂಬುದನ್ನು ಬರೆದುಕೊಳ್ಳಿ. ಹಳೆಯ ಶಿಕ್ಷಕಿಯರಿಗೆ ಇದು ರೂಢಿಯಾಗಿಬಿಟ್ಟಿರುತ್ತದೆ. ಕೇಳಿದರೆ ಹೇಳಲು ಅವರಿಗೇ ಬರುವುದಿಲ್ಲ.

3. ಹಾಜರಿ ಪುಸ್ತಕದ ಹೆಸರು, ಮನೆಯ ಹೆಸರು ಎರಡೂ ಬೇಕು

ಇಲ್ಲಿಯ ಮಸ್ಟರಿನಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ಅಡ್ಡಹೆಸರು, ಮಗುವಿನ ಹೆಸರು, ತಂದೆಯ ಹೆಸರು ಸಾಲಾಗಿ ಇರುತ್ತವೆ. ಕಲಬುರಗಿ, ಯಾದಗಿರಿ ಕಡೆಯ ಮಕ್ಕಳಲ್ಲಿ ಒಂದೇ ತರಗತಿಯಲ್ಲಿ ಇಬ್ಬರು ಮೂವರು ಮಲ್ಲಪ್ಪ, ಭೀಮಾಶಂಕರ ಸಿಗುವುದು ಸಹಜ. ಮನೆಯಲ್ಲಿ ಕರೆಯುವ ಹೆಸರೇ ಬೇರೆ. ಬೆಂಚಿನ ನಕ್ಷೆ ಬರೆದು ಎರಡೂ ಹೆಸರು ತುಂಬಿ, ಲೋಕಲ್ ರೈಲಿನಲ್ಲಿ ಬಾಯಿಪಾಠ ಮಾಡಿ. ಹೆಸರು ಗೊತ್ತಿಲ್ಲದ ಶಿಕ್ಷಕಿ ಇಡೀ ತರಗತಿಯನ್ನು ಗದರಬೇಕಾಗುತ್ತದೆ. ಗೊತ್ತಿರುವವಳು ಒಂದು ಹೆಸರನ್ನು ಮೆಲ್ಲಗೆ ಹೇಳಿದರೆ ಸಾಕು. ಮಕ್ಕಳು ಒಬ್ಬರಿಗೊಬ್ಬರು ಇಟ್ಟುಕೊಂಡ ಅಡ್ಡನಾಮ ಎಷ್ಟೇ ತಮಾಷೆಯದಾಗಿರಲಿ, ನಿಮ್ಮ ಬಾಯಲ್ಲಿ ಬರಬಾರದು.

4. ಅವರು ಒಳಗೆ ಬರುವ ಮುಂಚೆ ಬೋರ್ಡಿನ ಮೇಲೆ ಕೆಲಸ ಇರಲಿ

ಬೆಳಗಿನ ಪ್ರಾರ್ಥನೆಯ ಪರಿಪಾಠ ಮುಗಿಸಿ ಮಕ್ಕಳು ಮಹಡಿ ಹತ್ತಿ ಒಬ್ಬೊಬ್ಬರಾಗಿ ಬರುತ್ತಾರೆ. ಮೊದಲು ಬಂದವನು ಕೂತು, ಕೊನೆಯವಳು ಬರುವವರೆಗಿನ ಐದು ನಿಮಿಷದಲ್ಲೇ ದಿನದ ಅರ್ಧ ಜಗಳ ಹುಟ್ಟಿರುತ್ತದೆ. ಎರಡು ಕೂಡುವ ಲೆಕ್ಕ, ಬಿಟ್ಟ ಸ್ಥಳ ತುಂಬುವ ಒಂದು ಪದ, ನೋಡಿ ಬರೆಯಲು ಒಂದು ಸಾಲು, ಯಾವುದಾದರೂ ಸರಿ. ಯಾರ ಸಹಾಯವೂ ಇಲ್ಲದೆ ಮಾಡಬಲ್ಲಷ್ಟು ಸುಲಭವಾಗಿರಬೇಕು. ಕಷ್ಟದ್ದು ಕೊಟ್ಟರೆ ಎಲ್ಲರೂ ನಿಮ್ಮ ಸುತ್ತ ಮುತ್ತುತ್ತಾರೆ, ಹಾಜರಿ ಹಾಕುವುದು ಅಲ್ಲಿಗೇ ನಿಲ್ಲುತ್ತದೆ.

5. ಒಂದು ಸಲಕ್ಕೆ ಒಂದೇ ಸೂಚನೆ

ನನ್ನನ್ನು ಕೇಳಿದರೆ ಈ ಪಟ್ಟಿಯಲ್ಲಿ ಅತಿ ಮುಖ್ಯವಾದದ್ದು ಇದೇ. ಜೇಕಬ್ ಕೌನಿನ್ ಎಂಬ ಅಮೆರಿಕದ ಮನೋವಿಜ್ಞಾನಿ ತರಗತಿಗಳನ್ನು ವಿಡಿಯೊದಲ್ಲಿ ಹಿಡಿದು ನೋಡಿ 1970ರಲ್ಲಿ ಒಂದು ಪುಸ್ತಕ ಬರೆದರು. ಮಗು ತಪ್ಪು ಮಾಡಿದ ಮೇಲೆ ಹೇಗೆ ಗದರುತ್ತಾರೆ ಎಂಬುದರಲ್ಲಿ ಒಳ್ಳೆಯ ಶಿಕ್ಷಕರಿಗೂ ಸೋಲುವ ಶಿಕ್ಷಕರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಗಲಾಟೆ ಹುಟ್ಟುವ ಮುಂಚಿನ ನಡೆಯಲ್ಲಿ: ಕೋಣೆಯ ನಾಲ್ಕು ಮೂಲೆಯ ಮೇಲೂ ಕಣ್ಣಿದೆಯೇ, ಒಂದು ಕೆಲಸದಿಂದ ಇನ್ನೊಂದಕ್ಕೆ ತಡವರಿಸದೆ ದಾಟುತ್ತಾರೆಯೇ?

ನಮ್ಮ ತರಗತಿಗಳಲ್ಲಿ ಕುಸಿತ ಆಗುವುದು ಹೆಚ್ಚಾಗಿ ಈ ದಾಟುವಾಗಲೇ. "ಕನ್ನಡ ಪುಸ್ತಕ ಒಳಗಿಡಿ, ಗಣಿತದ್ದು ತೆಗೀರಿ, ಪುಟ ನಲವತ್ತೆರಡು, ವಹಿಯಲ್ಲಿ ತಾರೀಕು ಹಾಕಿ, ಯಾರು ಹೋಂವರ್ಕ್ ಮಾಡಿಲ್ಲ ಎದ್ದು ನಿಲ್ಲಿ" ಎಂದು ಒಂದೇ ಉಸಿರಿಗೆ ಹೇಳಿ ನೋಡಿ. ಎಂಟು ವರ್ಷದ ಮಗುವಿಗೆ ಮೊದಲನೆಯದು, ಕೊನೆಯದು ಮಾತ್ರ ಕೇಳಿಸಿರುತ್ತದೆ. ಅರ್ಧ ಜನ ಎದ್ದು ನಿಂತಿರುತ್ತಾರೆ, ಉಳಿದವರು ದಪ್ತರದೊಳಗೆ ತಲೆ ಹಾಕಿರುತ್ತಾರೆ. ಅದರ ಬದಲು: "ಪುಸ್ತಕ ಒಳಗೆ." ಎಲ್ಲರದೂ ಒಳಗೆ ಹೋಗುವವರೆಗೆ ಕಾಯಿರಿ. "ಗಣಿತದ ವಹಿ ಹೊರಗೆ." ಮತ್ತೆ ಕಾಯಿರಿ. ಪುಟದ ಸಂಖ್ಯೆಯನ್ನು ಹೇಳಲೇಬೇಡಿ, ಬೋರ್ಡಿನ ಮೂಲೆಯಲ್ಲಿ ದೊಡ್ಡದಾಗಿ ಬರೆಯಿರಿ. ಇಲ್ಲವಾದರೆ ಅದೇ ಪ್ರಶ್ನೆಗೆ ಇಪ್ಪತ್ತು ಸಲ ಉತ್ತರ ಹೇಳುತ್ತೀರಿ.

ವಹಿ ಹಂಚುವುದೂ ಒಂದು ದಾಟುವಿಕೆಯೇ. ನೀವೇ ಒಂದೊಂದಾಗಿ ಹೆಸರು ಕೂಗಿ ಹಂಚಿದರೆ ಉಳಿದವರೆಲ್ಲ ಖಾಲಿ ಕೂತಿರುತ್ತಾರೆ. ಸಾಲಿನ ಮೊದಲ ಬೆಂಚಿಗೆ ಆ ಸಾಲಿನ ಕಟ್ಟು ಕೊಟ್ಟು ಹಿಂದಕ್ಕೆ ದಾಟಿಸಲು ಹೇಳಿ. ಸಂಜೆ ತಿದ್ದುವಾಗಲೇ ಸಾಲಿನ ಪ್ರಕಾರ ಜೋಡಿಸಿಟ್ಟರೆ ಬೆಳಿಗ್ಗೆ ಹಗುರ.

6. ಗಂಟಲು ಉಳಿಸಿ

ಮುಂಬಯಿಯ ಶಾಲೆ ನಿಶ್ಶಬ್ದವಾಗಿರುವುದಿಲ್ಲ. ಹೊರಗೆ ರಿಕ್ಷಾ ಹಾರ್ನು, ಪಕ್ಕದ ಕೋಣೆಯಲ್ಲಿ ಮರಾಠಿ ಮಗ್ಗಿ, ಭಾದ್ರಪದ ಹತ್ತಿರ ಬಂತೆಂದರೆ ಗಣಪತಿ ಮಂಡಳದ ಢೋಲ್ ಪಥಕದ ಅಭ್ಯಾಸ. ಇವುಗಳ ಮೇಲೆ ದನಿ ಏರಿಸಿ ಗೆದ್ದವರಿಲ್ಲ. ಕೂಗುವ ಶಿಕ್ಷಕಿಯ ಕೂಗು ಎರಡನೇ ವಾರಕ್ಕೆ ಮಕ್ಕಳಿಗೆ ಹಿನ್ನೆಲೆಯ ಸದ್ದಾಗಿಬಿಡುತ್ತದೆ. ಒಂದು ಚಪ್ಪಾಳೆಯ ಲಯ ಕಲಿಸಿ. ಲೇಝಿಮ್ ಗೊತ್ತಿರುವ ಮಕ್ಕಳಿಗೆ ಲಯ ಬೇಗ ಹತ್ತುತ್ತದೆ: ನೀವು ಬಾರಿಸಿದ್ದನ್ನು ಅವರು ಮರಳಿ ಬಾರಿಸಬೇಕು, ಆಮೇಲೆ ಕೈ ಬೆಂಚಿನ ಮೇಲೆ. ಪೂರ್ತಿ ಸುಮ್ಮನಾಗುವವರೆಗೆ ಮಾತು ಶುರುಮಾಡಬೇಡಿ. ಮುಕ್ಕಾಲು ಸುಮ್ಮನಾದಾಗ ಶುರುಮಾಡಿದರೆ, ಮುಕ್ಕಾಲು ಸಾಕು ಎಂದು ನೀವೇ ಕಲಿಸಿದಂತೆ.

7. ನಾಲ್ಕು ಭಾಷೆಯ ಮಗುವನ್ನು ಒಂದು ಭಾಷೆಯ ತಕ್ಕಡಿಯಲ್ಲಿ ತೂಗಬೇಡಿ

"ಟೀಚರ್, ಪಾನಿ ಪೀನೇಕೊ ಜಾವೂ ಕ್ಯಾ?" ಎಂದು ಕನ್ನಡ ಶಾಲೆಯ ಹುಡುಗ ಕೇಳುತ್ತಾನೆ. ಅವನ ಮನೆಯಲ್ಲಿ ಯಾದಗಿರಿಯ ಕನ್ನಡ ಇಲ್ಲವೆ ಲಂಬಾಣಿ, ಗಲ್ಲಿಯಲ್ಲಿ ಬಂಬಯ್ಯಾ ಹಿಂದಿ, 2020ರ ಕಾಯ್ದೆಯಿಂದ ಎಲ್ಲ ಶಾಲೆಗಳಲ್ಲೂ ಕಡ್ಡಾಯವಾದ ಮರಾಠಿ, ಅದರ ಜೊತೆಗೆ ಇಂಗ್ಲಿಷು. ಪುಸ್ತಕದಲ್ಲಿ ಇವೆಲ್ಲಕ್ಕಿಂತ ಬೇರೆಯಾದ ಗ್ರಾಂಥಿಕ ಕನ್ನಡ. ಪುಣೆಯಲ್ಲಿ 1967ರಲ್ಲಿ ಶುರುವಾದ ಬಾಲಭಾರತಿ ಸಂಸ್ಥೆ ಕನ್ನಡದಲ್ಲೂ ಪಠ್ಯ ಅಚ್ಚು ಹಾಕುತ್ತದೆ. ಪುಸ್ತಕಗಳು ಚೆನ್ನಾಗಿಯೇ ಇವೆ. ಆದರೆ ಲೆಕ್ಕ ಬಿಡಿಸಬಲ್ಲ ಹುಡುಗಿ ಲೆಕ್ಕದ ವಾಕ್ಯದಲ್ಲಿ ಸಿಕ್ಕಿಬೀಳುತ್ತಾಳೆ.

"ಕನ್ನಡದಲ್ಲಿ ಕೇಳು" ಎಂದು ಗದರಿದರೆ ಹುಡುಗ ಬಾಯಾರಿಕೆಯನ್ನೂ ನುಂಗಿಕೊಂಡು ಕೂರುತ್ತಾನೆ. "ನೀರು ಕುಡಿಯೋಕೆ ಹೋಗ್ತೀಯಾ? ಹೋಗಿ ಬಾ" ಎಂದರೆ ಅದೇ ಪಾಠವಾಯಿತು. ಸೂಚನೆಯ ಪದಗಳನ್ನು ಮಾತ್ರ ಐದಾರಕ್ಕೆ ಕಟ್ಟಿಹಾಕಿ, ದಿನಾ ಅವನ್ನೇ ಬಳಸಿ: ಕೇಳಿ, ನೋಡಿ, ಬರೆಯಿರಿ, ತೋರಿಸಿ, ನಿಲ್ಲಿಸಿ. ಇಂದು "ಬರೆದುಕೊಳ್ಳಿ", ನಾಳೆ "ಟಿಪ್ಪಣಿ ಮಾಡಿ", ನಾಡಿದ್ದು "ನಕಲು ಇಳಿಸಿ" ಎಂದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ನೋಟವೇ ಮಾತಾಗಿ, ಮಾತು ಗದ್ದಲವಾಗುತ್ತದೆ. ನಾವು ಅದನ್ನು ಅಶಿಸ್ತು ಎಂದು ಡೈರಿಯಲ್ಲಿ ಬರೆಯುತ್ತೇವೆ.

ಮಂಗಳೂರು, ಉಡುಪಿ ಮೂಲದ ತರಬೇತಿಯವರಿಗೆ ಒಂದು ಕಿವಿಮಾತು. ಈ ಮಕ್ಕಳ "ಇಂವ ನನ್ನ ಪೆನ್ಸಿಲ್ ತಗೊಂಡಾನ್ರಿ" ಎಂಬುದು ಅಪ್ಪಟ ಕನ್ನಡ. ಅದನ್ನು ತಿದ್ದಲು ಹೋಗಬೇಡಿ, ಪೆನ್ಸಿಲು ಕೊಡಿಸಿ.

8. ಇಯತ್ತೆ ನೋಡಬೇಡಿ, ಮಟ್ಟ ನೋಡಿ

1ರಿಂದ 5ನೇ ಇಯತ್ತೆವರೆಗೆ 60ರವರೆಗೆ ಮಕ್ಕಳಿದ್ದರೆ ಇಬ್ಬರು ಶಿಕ್ಷಕರು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಮಕ್ಕಳ ಸಂಖ್ಯೆ ಇಳಿದ ಕನ್ನಡ ಶಾಲೆಯಲ್ಲಿ ಇದರ ಅರ್ಥ, ಒಂದೇ ಕೋಣೆಯಲ್ಲಿ ಎರಡು ಮೂರು ಇಯತ್ತೆ. ತರಬೇತಿ ಕಾಲೇಜಿನ ಪಾಠಯೋಜನೆಯಲ್ಲಿ ಈ ಕೋಣೆಗೆ ಜಾಗವೇ ಇಲ್ಲ.

ಆದರೆ ಇದಕ್ಕೆ ದಾರಿ ಹುಡುಕಿದ ಊರೂ ಮುಂಬಯಿಯೇ. 1990ರ ದಶಕದಲ್ಲಿ ಇಲ್ಲಿಯ ಗಲ್ಲಿಗಳಲ್ಲಿ ಹುಟ್ಟಿದ ಪ್ರಥಮ್ ಸಂಸ್ಥೆ ಪಾಲಿಕೆ ಶಾಲೆಗಳಿಗೆ 'ಬಾಲಸಖಿ'ಯರನ್ನು ಕಳಿಸಿತು. ಅದೇ ಬಡಾವಣೆಯ, ಪ್ರೌಢಶಾಲೆ ಮುಗಿಸಿದ ಹುಡುಗಿಯರು. ಎರಡು ವಾರದ ತರಬೇತಿ. ಮೂರನೇ, ನಾಲ್ಕನೇ ಇಯತ್ತೆಯಲ್ಲಿ ಹಿಂದೆ ಬಿದ್ದ 15-20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಅಕ್ಷರ, ಎಣಿಕೆಯಿಂದ ಶುರುಮಾಡುತ್ತಿದ್ದರು. 2001ರಿಂದ 2003ರವರೆಗೆ ಮುಂಬಯಿ, ವಡೋದರಾಗಳಲ್ಲಿ ಇದನ್ನು ಅಳೆದು ನೋಡಿದವರಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು. ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು. ಪರೀಕ್ಷೆಯ ಅಂಕಗಳು ಏರಿದವು, ಅದರಲ್ಲೂ ತೀರ ಹಿಂದಿದ್ದ ಮಕ್ಕಳಿಗೆ ಹೆಚ್ಚು ಲಾಭವಾಯಿತು ಎಂಬುದು ಅವರು ಕಂಡದ್ದು. ಬಾಲಸಖಿಗೆ ನಮ್ಮಷ್ಟು ಪದವಿ ಇರಲಿಲ್ಲ, ಮಗು ಎಲ್ಲಿದೆಯೋ ಅಲ್ಲಿಂದ ಶುರುಮಾಡುವ ಸ್ವಾತಂತ್ರ್ಯ ಇತ್ತು.

ನೀವು ಮಾಡಬಹುದಾದದ್ದು: ಮೊದಲ ವಾರ ಪ್ರತಿ ಮಗುವನ್ನೂ ಪಕ್ಕಕ್ಕೆ ಕರೆದು ಓದಿಸಿ. ಅಕ್ಷರ, ಪದ, ವಾಕ್ಯ, ಕತೆ ಎಂದು ನಾಲ್ಕು ಗುಂಪು ಮಾಡಿ. ಒಂದು ಗುಂಪು ನಿಮ್ಮೊಡನೆ ನೆಲದ ಮೇಲೆ, ಉಳಿದವು ತಮ್ಮ ಕೆಲಸದಲ್ಲಿ. ಹದಿನೈದು ನಿಮಿಷಕ್ಕೊಮ್ಮೆ ಬದಲಾವಣೆ. ಆ ಉಳಿದ ಗುಂಪುಗಳ ಕೆಲಸವೇ ಇಡೀ ಗುಟ್ಟು. ಅದನ್ನು ಹಿಂದಿನ ರಾತ್ರಿಯೇ ಸಿದ್ಧಮಾಡಬೇಕು. ದುಬಾರಿ ಸಾಮಾನು ಬೇಡ. ದಾದರಿನಲ್ಲಿ ಶಿಶುವಿಹಾರ ನಡೆಸಿ, ಮುಂದೆ ಬೋರ್ಡಿ, ಕೋಸಬಾಡದ ಆದಿವಾಸಿ ಮಕ್ಕಳ ಬಳಿಗೆ ಹೋದ ತಾರಾಬಾಯಿ ಮೋಡಕ್ ಬೀಜ, ಕಪ್ಪೆಚಿಪ್ಪು, ಕಡ್ಡಿಗಳಿಂದಲೇ ಮಾಂಟೆಸ್ಸರಿ ಪದ್ಧತಿ ನಡೆಸಿದರು. ನಮಗೆ ಸೋಡಾ ಬಾಟಲಿಯ ಮುಚ್ಚಳ, ಬೆಸ್ಟ್ ಬಸ್ಸಿನ ಹಳೆಯ ಟಿಕೆಟು ಸಾಕು. ಬಸ್ಸಿನ ಹಣೆಯ ಮೇಲೆ ದೇವನಾಗರಿ ಅಂಕಿ, ಗಡಿಯಾರದಲ್ಲಿ ಇನ್ನೊಂದು, ಕನ್ನಡದ್ದು ಮತ್ತೊಂದು. ಈ ಮಕ್ಕಳು ಮೂರು ಬಗೆಯ ಅಂಕಿ ಓದುತ್ತಾರೆ. ಇವುಗಳನ್ನು ಜೊತೆಗೂಡಿಸುವ ಆಟಕ್ಕೆ ಒಂದು ಗುಂಪು ಅರ್ಧ ಗಂಟೆ ತಲೆ ಎತ್ತುವುದಿಲ್ಲ.

9. ಪ್ರಶ್ನೆ ಕೇಳಿ ಮೂರು ಸೆಕೆಂಡು ಬಾಯಿ ಮುಚ್ಚಿ

ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ ಎಂದು ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತೋರಿಸಿದರು. ಅದನ್ನು ಮೂರಕ್ಕೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಮನಸ್ಸಿನಲ್ಲಿ ಭಾಷೆ ಬದಲಿಸಿಕೊಂಡು ಉತ್ತರಿಸಬೇಕಾದ ನಮ್ಮ ಮಕ್ಕಳಿಗೆ ಐದು ಕೊಟ್ಟರೂ ತಪ್ಪಿಲ್ಲ.

10. ಕೈ ಎತ್ತಬೇಡಿ, ನಾಲಿಗೆಯನ್ನೂ

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪಾಲಕರೇ "ಎರಡು ಬಿಡ್ರಿ ಟೀಚರ್, ಸುಧಾರಸ್ತಾನ" ಎಂದು ಪರವಾನಗಿ ಕೊಡಲು ಬರುತ್ತಾರೆ. ಅವರಿಗೆ ಆ ಅಧಿಕಾರವಿಲ್ಲ, ನಿಮಗೂ ಇಲ್ಲ. ಅದರ ಬದಲು ಪಕ್ಕಕ್ಕೆ ಹೋಗಿ ನಿಲ್ಲುವುದು, ಹೆಸರು ಮೆಲ್ಲಗೆ ಹೇಳುವುದು, ಜಾಗ ಬದಲಿಸುವುದು, ಬಿಡುವಿನಲ್ಲಿ ಒಬ್ಬನನ್ನೇ ಕೂರಿಸಿಕೊಂಡು ಮಾತಾಡುವುದು. ಈ ಕ್ರಮದಲ್ಲೇ ಹೋಗಿ. ಮೊದಲ ಮೆಟ್ಟಿಲಲ್ಲೇ ಮುಕ್ಕಾಲು ಪಾಲು ಮುಗಿಯುತ್ತದೆ.

'ಗಲಾಟೆ ಮಾಡುವವನನ್ನೇ ಮಾನಿಟರ್ ಮಾಡಿ' ಎಂಬ ಹಳೆಯ ಸಲಹೆ ನನಗೆ ಒಪ್ಪಿಗೆಯಿಲ್ಲ. ಬೋರ್ಡಿನ ಮೇಲೆ ಹೆಸರು ಬರೆಯುವ ಅಧಿಕಾರ ಸಿಕ್ಕಿದ ಹುಡುಗ ಕಲಿಯುವುದು ದಬ್ಬಾಳಿಕೆಯನ್ನೇ. ಅವನಿಗೆ ಕೆಲಸ ಕೊಡಿ, ಅಧಿಕಾರ ಬೇಡ. ಕಿಟಕಿ ಮುಚ್ಚುವುದು, ಸೀಮೆಸುಣ್ಣ ತರುವುದು, ಗಡಿಯಾರ ನೋಡಿ ಹೊತ್ತು ಹೇಳುವುದು.

11. ಖಿಚಡಿಯ ಹೊತ್ತನ್ನೂ ಪಾಠಯೋಜನೆಯಲ್ಲಿ ಬರೆಯಿರಿ

ಪ್ರಾಥಮಿಕ ಮಕ್ಕಳ ಮಧ್ಯಾಹ್ನದ ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಇರಬೇಕೆಂಬುದು ಸರ್ಕಾರದ ಲೆಕ್ಕ. ಕೆಲವು ಮಕ್ಕಳಿಗೆ ದಿನದ ಮೊದಲ ಊಟವೇ ಇದು. ಹತ್ತು ಗಂಟೆಗೆ ಕಿರಿಕಿರಿ ಮಾಡುವ ಹುಡುಗಿಗೆ ಶಿಸ್ತು ಕಲಿಸುವ ಮುಂಚೆ ಬೆಳಿಗ್ಗೆ ಏನು ತಿಂದಳೆಂದು ಕೇಳಿ. ಕೈ ತೊಳೆಯಲು ಒಂದೊಂದೇ ಸಾಲು ಕಳಿಸಿ. ಊಟವಾದ ತಕ್ಷಣ ಕಣ್ಣು ಎಳೆಯುತ್ತದೆ, ಹೊಸ ಲೆಕ್ಕ ಬೇಡ. ಕತೆ, ಚಿತ್ರ, ಗಟ್ಟಿ ಓದು ಇರಲಿ. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ದುಡಿದು ಸಂಜೆ ಬರುವ ಹುಡುಗರಿಗೆ ಕಲಿಸಿದ, ಇದೇ ಊರಿನ ಮೊಗವೀರ, ಗುರುನಾರಾಯಣ ಕನ್ನಡ ರಾತ್ರಿ ಶಾಲೆಗಳ ಮಾಸ್ತರರಿಗೆ ತೂಕಡಿಕೆ ಅಪರಾಧವಾಗಿ ಕಂಡಿರಲಾರದು. ನಮಗೂ ಕಾಣಬೇಕಾಗಿಲ್ಲ.

12. ಮಳೆಗೆ ಬೇರೆ ಯೋಜನೆ

ಇಲ್ಲಿ ಶಾಲೆ ತೆರೆಯುವುದೂ ಮುಂಗಾರು ಇಳಿಯುವುದೂ ಜೂನಿನಲ್ಲೇ. ಒದ್ದೆ ಕೊಡೆ ಎಲ್ಲಿಡಬೇಕು ಎಂಬುದಕ್ಕೆ ಮೊದಲ ದಿನವೇ ಜಾಗ ಗೊತ್ತುಮಾಡಿ, ಇಲ್ಲವಾದರೆ ಅದು ಕತ್ತಿಯಾಗುತ್ತದೆ. ಅರ್ಧಕ್ಕರ್ಧ ಮಕ್ಕಳು ಮಾತ್ರ ಬಂದ ದಿನ ಹೊಸ ಪಾಠ ಮಾಡಬೇಡಿ. ಹಿಂದುಳಿದವರಿಗೆ ಸಮಯ ಕೊಡಲು ಅಂಥ ದಿನ ಮತ್ತೆ ಸಿಗುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಎಷ್ಟೋ ಮಕ್ಕಳು ಶಾಲೆಗಳಲ್ಲೇ ರಾತ್ರಿ ಕಳೆದರು. ಅಂಥ ದಿನ ಮಗುವನ್ನು ಯಾರ ಕೈಗೆ ಒಪ್ಪಿಸಬೇಕು, ಪಕ್ಕದ ಮನೆಯವರ ನಂಬರು ಯಾವುದು ಎಂಬುದು ಫೋನಿನಲ್ಲಿ ಮಾತ್ರವಲ್ಲ, ಕಾಗದದ ಮೇಲೂ ಇರಲಿ. ಬ್ಯಾಟರಿ ಸಾಯುತ್ತದೆ.

13. ಪಾಲಕರ ಸಭೆಗೆ ಅವರ ಹೊತ್ತು ನೋಡಿ

ಬೆಳಿಗ್ಗೆ ನಾಕಾದ ಮೇಲೆ ನಿಂತು ಕೂಲಿ ಹುಡುಕುವ ತಂದೆಗೆ ಹನ್ನೊಂದು ಗಂಟೆಯ ಸಭೆ ಎಂದರೆ ಒಂದು ದಿನದ ಪಗಾರ ಹೋದಂತೆ. ಬಾರದವರನ್ನು ನಿರ್ಲಕ್ಷ್ಯದವರೆಂದು ಬರೆಯಬೇಡಿ. ಶಾಲೆ ಬಿಡುವಾಗ ಗೇಟಿನ ಹತ್ತಿರ, ಇಲ್ಲವೆ ವರ್ಗ ಶಿಕ್ಷಕಿಯ ಜೊತೆ ಸಂಜೆ ಗಲ್ಲಿಯಲ್ಲೇ ಸಿಗಿ. "ಯಕ್ಕಾ, ನಿಮ್ಮ ಹುಡುಗಿ ಇವತ್ತು ಎರಡು ಪುಟ ಓದಿದಳು" ಎಂದು ಮೊದಲ ಭೇಟಿಯಲ್ಲಿ ಒಳ್ಳೆಯದನ್ನೇ ಹೇಳಿ. ದೂರು ಹೇಳುವ ದಿನ ಬಂದಾಗ ಆ ಪರಿಚಯ ಬೇಕಾಗುತ್ತದೆ. ಊರ ಜಾತ್ರೆ, ಹಬ್ಬ ಬಂದರೆ ಮಗು ವಾರಗಟ್ಟಲೆ ಕಾಣೆ. ಕೇಳಿದರೆ ಪಕ್ಕದ ಬೆಂಚಿನವನು "ಊರಿಗಿ ಹೋಗ್ಯಾನ್ರಿ" ಎನ್ನುತ್ತಾನೆ. ತಪ್ಪಿದ ಪಾಠದ ಹಾಳೆಗಳನ್ನು ಅವನ ಹೆಸರಿನ ಒಂದು ಫೈಲಿಗೆ ಹಾಕುತ್ತ ಹೋಗಿ. ಮರಳಿದ ದಿನ ಎಲ್ಲರೆದುರು ವಿಚಾರಣೆ ಮಾಡದೆ ಫೈಲು ಕೊಡಿ.

14. ಕೊನೆಯ ವಾರವನ್ನು ಬೀಳ್ಕೊಡುಗೆಗೇ ಕಳೆಯಬೇಡಿ

ನಿಮ್ಮ ಪಾಠ ನೋಡಲು ಕಾಲೇಜಿನವರೋ ಶಾಲೆಗಳ ತಪಾಸಣೆ ಮಾಡುವ ಬೀಟ್ ಆಫೀಸರೋ ಬರುವ ದಿನಕ್ಕೆಂದು ಥರ್ಮಾಕೋಲಿನ ಮಾದರಿ ಕಟ್ಟುವುದರಲ್ಲೇ ಬಹಳ ಮಂದಿಯ ಕೊನೆಯ ವಾರ ಕಳೆಯುತ್ತದೆ. ಮಕ್ಕಳಿಗೆ ನೀವು ಹೋಗುವ ತಾರೀಕು ಮೊದಲೇ ಹೇಳಿರಿ. ಪಾಲಿಕೆ ಶಾಲೆಯ ಮಕ್ಕಳು ಬಂದು ಹೋಗುವ ತರಬೇತಿಯವರನ್ನು, ಸಂಸ್ಥೆಯವರನ್ನು ಎಷ್ಟೋ ಕಂಡಿದ್ದಾರೆ. ಹೇಳದೆ ಹೋಗುವವರನ್ನು ನೆನಪಿಟ್ಟು, ಮುಂದೆ ಬಂದವರ ಮೇಲೆ ಅದನ್ನು ತೀರಿಸಿಕೊಳ್ಳುತ್ತಾರೆ. ಆಮೇಲೆ ಒಂದು ಹಾಳೆ ತೆಗೆದು ಪ್ರತಿ ಮಗುವಿನ ಮುಂದೆ ಎರಡೆರಡು ಸಾಲು ಬರೆಯಿರಿ: ಯಾವ ಗುಂಪಿನಿಂದ ಯಾವ ಗುಂಪಿಗೆ ಬಂತು, ಯಾವ ಒತ್ತಕ್ಷರ ಇನ್ನೂ ತೊಡಕು, ಯಾರ ಪಕ್ಕ ಕೂತರೆ ಕೆಲಸ ಮಾಡುತ್ತದೆ, ಯಾರ ಪಕ್ಕ ಕೂತರೆ ಮಾಡುವುದಿಲ್ಲ. ಅದನ್ನು ವರ್ಗ ಶಿಕ್ಷಕಿಗೆ ಕೊಡಿ, ಒಂದು ಪ್ರತಿ ಮುಖ್ಯಾಧ್ಯಾಪಕರ ಫೈಲಿನಲ್ಲಿಡಿ. ಕಪಾಟಿನ ಕೀಲಿ ಸಿಪಾಯಿ ಮಾಮಾರಿಗೆ. ಚಾಕೊಲೇಟು ಹಂಚುವುದಿದ್ದರೆ ಶಾಲೆ ಬಿಡುವ ಹತ್ತು ನಿಮಿಷ ಮುಂಚೆ, ಸಾಲು ಸಾಲಾಗಿ.